ತುಳಸಾಳ ಹೆಸರು ಯಾವ ಗುಂಪಿಗೆ?

ಕುದುರೆ ಓಟದ ದಿನ ಆಟೋ ನಗರದಿಂದ ತರಿಸಿದ ಟೆಂಪೊ ಪಂಕ್ಚರ್ ಆಗಬಹುದಿತ್ತು. ಕುದುರೆ ಬೆದರಿ ನಡುದಾರಿಯಲ್ಲೇ ಜಿಗಿಯಬಹುದಿತ್ತು. ಖಾನಾಪುರದ ಸವಾರ ಕೈಕೊಡಬಹುದಿತ್ತು. ಪೊಲೀಸರು ತಡೆಯಬಹುದಿತ್ತು. (ನಮ್ಮ ಮನೆ ಹಿಂಡಲಗಾದಲ್ಲಿ, ಜೈಲಿನ ಹತ್ತಿರ. ದಿನಾ ಅದನ್ನು ನೋಡಿದರೆ ಇಂಥ ಯೋಚನೆಗಳೇ ಬರುತ್ತವೆ.) ಮಳೆ ಬರಬಹುದಿತ್ತು. ಫೆಬ್ರುವರಿಯಲ್ಲಿ ಮಳೆಯಾ ಅಂತ ಕೇಳಬೇಡಿ. ಚಿಂತೆಗೆ ಹಂಗಾಮು ಇರುವುದಿಲ್ಲ.

ಇದರಲ್ಲಿ ಒಂದೂ ಆಗಲಿಲ್ಲ.

ಕುದುರೆ ನನ್ನದಲ್ಲ, ತಂಗಿ ಸುರೇಖಾಳದು. ಪೀರನವಾಡಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಗಿರಣಿಯ ಹಿಂದೆ ತುಳಸಾ ಎಂಬ ಹೆಣ್ಣುಗುದುರೆ. ಹೋದ ವರ್ಷ ಖಾನಾಪುರದ ಕುದುರೆ ಶರ್ಯತ್ತಿಗೆ ಹೆಸರು ಬರೆಸಲು ಹೋದಾಗ, ದಾಖಲಾತಿ ನೋಡುವ ಬಾಬು ಮಾಮಾ ನಕ್ಕಿದ್ದರಂತೆ: "ಇನ್ನೂ ಸಣ್ಣದೈತಿ. ಮದಿವಿ ಮೆರವಣಿಗಿಗೆ ಛಲೋ ಐತಿ ನೋಡವಾ."

ಸುರೇಖಾ ಆ ಮಾತನ್ನು ವರ್ಷವಿಡೀ ಮರೆಯಲಿಲ್ಲ.

ಈ ಸಲ ಕಾಗದಪತ್ರದ ಕೆಲಸ ನನಗೆ ಬಿತ್ತು. ಮೊಬೈಲ್ ತೆಗೆದು ಓದಿದೆ. ಮುಂಬೈ, ಬೆಂಗಳೂರಿನ ದೊಡ್ಡ ರೇಸುಗಳಿಗೆ ತಿಂಗಳುಗಟ್ಟಲೆ ಮೊದಲೇ ಹೆಸರು ಕೊಡಬೇಕಂತೆ. ಆಮೇಲೆ ಹಂತಹಂತಕ್ಕೆ "ಹೌದು, ನಮ್ಮ ಕುದುರೆ ಇನ್ನೂ ಇದೆ" ಅಂತ ಖಾತ್ರಿ ಮಾಡಬೇಕು. ಒಂದು ಹಂತ ತಪ್ಪಿದರೆ ಕಷ್ಟ. ವಯಸ್ಸು? ಜನವರಿ ಒಂದಕ್ಕೆ ಎಲ್ಲ ಕುದುರೆಗಳಿಗೂ ಒಟ್ಟಿಗೇ ಒಂದು ವರ್ಷ ಏರುತ್ತದೆ. (ನಮ್ಮ ಹೆಡ್‌ಮಾಸ್ತರರು ಇಡೀ ಕ್ಲಾಸಿಗೆ ಹುಟ್ಟಿದ ದಿನ ಜೂನ್ ಒಂದು ಅಂತ ಬರೆದಿರಲಿಲ್ಲವೇ, ಹಾಗೆ.)

ಎಂಥ ನೆಮ್ಮದಿಯ ಪದ್ಧತಿ! ನಾನೂ ಹಾಗೇ ಮಾಡಿದೆ. ಹೆಸರು ಕೊಟ್ಟೆ. ಡಾಕ್ಟರ್ ಸರ್ಟಿಫಿಕೇಟ್, ಫೋಟೊ, ಝೆರಾಕ್ಸ್ ಮೂರು ಸೆಟ್. ವಾರಕ್ಕೊಮ್ಮೆ ಫೋನ್ ಮಾಡಿ ಖಾತ್ರಿಪಡಿಸಿದೆ. ಮೂರನೇ ಫೋನಿಗೆ ಬಾಬು ಮಾಮಾ ಅಂದರು, "ಸಾಹೇಬ್ರ, ಕಾಗದ ನೀವ ಇಟಗೋರಿ. ನಾವು ಬಾಯಿ ನೋಡ್ತೀವಿ."

ಇಲ್ಲಿ ಗುಂಪು ನಿರ್ಧಾರವಾಗುವುದು ಹಲ್ಲಿನಿಂದ. ಮುಂದಿನ ಎರಡು ಹಾಲುಹಲ್ಲು ಬಿದ್ದು ದೊಡ್ಡ ಹಲ್ಲು ಬಂದಿದ್ದರೆ ಎರಡು ಹಲ್ಲಿನ ಗುಂಪು. ಪಕ್ಕದ್ದೊಂದು ಬಿತ್ತೋ, ನಾಲ್ಕು ಹಲ್ಲಿನ ಗುಂಪು, ತನಗಿಂತ ದೊಡ್ಡ ಕುದುರೆಗಳ ಜೊತೆ. ಅಂದರೆ ಎರಡು ಹಲ್ಲಿನ ಶರ್ಯತ್ತು ಕುದುರೆಯ ಆಯುಷ್ಯದಲ್ಲಿ ಒಮ್ಮೆ ಮಾತ್ರ. ತುಳಸಾಳಿಗೆ ಅದು ಈ ಸಲವೇ.

ಆ ಬೆಳಿಗ್ಗೆ ಟೆಂಪೊ ಬಂತು. ಸವಾರ ಬಂದ. ಬಿಸಿಲೂ ಬಿತ್ತು. ಹಲ್ಲು ತೋರಿಸುವ ಪಾಳಿಯಲ್ಲಿ ನಮ್ಮ ಮುಂದೆ ನಾಲ್ಕೇ ಕುದುರೆ. ಎಲ್ಲ ಸರಿ ಇದ್ದರೆ ನನಗೆ ಕೈಕಾಲು ಆಡುವುದಿಲ್ಲ. ತುಳಸಾ ಗಾಬರಿಯಾಗಿದ್ದಾಳೆ ಅನ್ನಿಸಿತು. (ಗಾಬರಿಯಾಗಿದ್ದು ನಾನು.) ಚೀಲದಿಂದ ಒಂದು ದಪ್ಪ ಕ್ಯಾರೆಟ್, ನಮ್ಮ ಕಡೆಯ ಗಜ್ಜರಿ, ತೆಗೆದು ಅವಳ ಬಾಯಿಗೆ ಹಿಡಿದೆ. ಕಟಕ್ ಅಂತ ಕಡಿದಳು.

ನಮ್ಮ ಪಾಳಿ ಬಂತು. ಬಾಬು ಮಾಮಾ ತುಟಿ ಎತ್ತಿ ನೋಡಿದರು. "ಇದೇನವಾ ಸುರೇಖಾ? ಬಾಜೂದ ಹಾಲಹಲ್ಲು ಬಿದ್ದೈತಿ!"

"ಮುಂಜಾನೆ ನೋಡೇನ್ರಿ ಮಾಮಾ. ಅಳ್ಳಾಡತಿತ್ತು ಖರೇ, ಆದ್ರ ಇತ್ತು!"

ನಾನು ಕೈಯಲ್ಲಿದ್ದ ಅರ್ಧ ಗಜ್ಜರಿ ನೋಡಿದೆ. ಹಲ್ಲು ಅದರಲ್ಲೇ ನಾಟಿತ್ತು.

ಸುರೇಖಾ ಗಜ್ಜರಿ ನೋಡಿದಳು. ನನ್ನನ್ನು ನೋಡಿದಳು. ಗಜ್ಜರಿ ಕಸಿದುಕೊಂಡಳು. ಬೈದಿದ್ದರೆ ಹಗುರಾಗುತ್ತಿತ್ತು.

"ವಾಪಸ್ ಹೋಗೂಣು," ಅಂದೆ. "ದೊಡ್ಡ ಕುದುರಿ ನಡುವ ಸಿಕ್ಕೊಂಡ್ರ?"

"ಖರೇ ಐತಿ," ಮಾಮಾ ಪುಸ್ತಕ ಮುಚ್ಚಿದರು. "ಮನಿಗೆ ಒಯ್ಯವಾ. ಹೆಂಗೂ ಮದಿವಿ ಹಂಗಾಮು."

ಸುರೇಖಾ ಪುಸ್ತಕವನ್ನು ತಾನೇ ತೆರೆದಳು. "ಹೋಗಿದ್ದು ಹಲ್ಲು ಮಾಮಾ, ಕಾಲಲ್ಲ. ನಾಲ್ಕರಾಗ ಬರೀರಿ."

ಅವರು ಬರೆಯುವವರೆಗೆ ಅಲ್ಲಿಂದ ಕದಲಲಿಲ್ಲ. ಆಮೇಲೆ ನನ್ನತ್ತ ತಿರುಗಿ, "ಅಣ್ಣಾ, ನೀ ಟೆಂಪೊದಾಗ ಕುಂದ್ರು," ಅಂದಳು.

ಕೂತೆ. ನನ್ನ ಫೈಲು ತೊಡೆಯ ಮೇಲಿತ್ತು. ಎಲ್ಲ ಕಾಗದ ಸರಿಯಾದ ಮೇಲೇ ಹೊರಡೋಣ ಅಂತ ನಾವು ಎಷ್ಟು ಕೆಲಸಕ್ಕೆ ಹೊರಡುವುದೇ ಇಲ್ಲ, ಅಲ್ಲವೇ? ಅವಳು ನೋಡಿ, ಸಿಕ್ಕ ಗುಂಪಿನಲ್ಲಿ ಹೆಸರು ಬರೆಸಿ ನಡೆದಳು.

ಒಂಬತ್ತು ಕುದುರೆಗಳಲ್ಲಿ ತುಳಸಾ ಮೂರನೆಯವಳಾಗಿ ಬಂದಳು.

ಬಾಬು ಮಾಮಾ ತಾವೇ ಟೆಂಪೊ ಹತ್ತಿರ ಬಂದರು, ಕೈಯಲ್ಲಿ ಪುಸ್ತಕ. "ಮುಂದಿನ ವರ್ಷದ್ದು ಈಗ ಬರಕೊಳ್ಳಲೇನವಾ?"

"ಬರಕೋರಿ ಮಾಮಾ. ತುಳಸಾ ಬರ್ತಾಳ, ಸವಾರ ಬರ್ತಾನ, ಅಣ್ಣನೂ ಬರ್ತಾನ," ಅಂದಳು ಸುರೇಖಾ. "ಗಜ್ಜರಿ ಬರಂಗಿಲ್ಲ."