ತಟ್ಟಿದ ಮೇಲೆ ಮುಗಿಯಿತು

ಹಾಲೆಂಡಿನ ಹಳೆಯ ಚೀಸ್ ಸಂತೆಯೊಂದರಲ್ಲಿ ಮಾರುವವರೂ ಕೊಳ್ಳುವವರೂ ಒಬ್ಬರ ಅಂಗೈಗೊಬ್ಬರು ತಟ್ಟುತ್ತ ಚೌಕಾಸಿ ಮಾಡುತ್ತಾರೆ. ಕೊನೆಯ ತಟ್ಟು ಬಿದ್ದರೆ ವ್ಯಾಪಾರ ಕುದುರಿದಂತೆ. ಬಿಳಿ ಅಂಗಿಯ ವ್ಯಾಪಾರಿಯೊಬ್ಬ ನೋಡುತ್ತ ನಿಂತಿದ್ದ ನನ್ನನ್ನೂ ನನ್ನ ಮಗನನ್ನೂ ಕರೆದ. ದೆಹಲಿಯ ತರಕಾರಿ ಮಂಡಿಗಳಲ್ಲಿ ಪಳಗಿದವಳು ನಾನು, ಮುಂದೆ ಹೋದೆ. ಅವನೊಂದು ಬೆಲೆ ಹೇಳಿ ತಟ್ಟಿದ, ನಾನು ಅದರರ್ಧ ಹೇಳಿ ತಟ್ಟಿದೆ. ಕೊನೆಗೆ ಇಬ್ಬರೂ ಒಪ್ಪಿ ಜೋರಾಗಿ ತಟ್ಟಿದೆವು. ಬೀಸುವ ಕಲ್ಲಿನಷ್ಟಿದ್ದ ಚೀಸನ್ನು ತೋರಿಸಿ, "ಕಟ್ಟಿಕೊಡಿ" ಎಂದೆ.

ಅವನು ನಕ್ಕ. "ಇದು ಪ್ರವಾಸಿಗರಿಗಾಗಿ ಆಡುವ ಆಟ, ಮೇಡಂ."

"ಅಮ್ಮಾ, ಛೋಡೋ ನಾ, ಬಿಟ್ಬಿಡು, ಎಲ್ಲರೂ ನೋಡ್ತಿದ್ದಾರೆ," ಎಂದು ಮಗ ತೋಳು ಹಿಡಿದೆಳೆದ.

"ನೋಡಲಿ. ಎಲ್ಲರೆದುರೇ ತಾನೇ ಇವರು ಒಪ್ಪಿದ್ದು?" ಎಂದೆ. ವ್ಯಾಪಾರಿಗೂ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ಚಾಚಿದ ಅಂಗೈಯನ್ನು ಹಿಂದೆಗೆಯಲಿಲ್ಲ. ಸುತ್ತಲಿದ್ದವರು ನನ್ನ ಪರವಾಗಿ ಕೂಗತೊಡಗಿದರು. ಅವನ ನಗು ನಿಂತಿತು. ಒಪ್ಪಿದ ಬೆಲೆಗೇ ಚೀಸನ್ನು ಹೊತ್ತು ತಂದು ಮಗನ ಕೈಗಿಟ್ಟ.

ಅದಕ್ಕೆ ಜಾಗ ಮಾಡಲು ಮಗನ ಸೂಟ್‌ಕೇಸಿನಿಂದ ಕೋಟು, ಬೂಟು ಹೊರಬಂದವು. ಈಗ ದೆಹಲಿಯ ಹೌಜ್ ಖಾಸ್‌ನ ನಮ್ಮ ಮನೆಯಲ್ಲಿ ಅಕ್ಕಿ ರೊಟ್ಟಿಯ ಮೇಲೆ ಆ ಚೀಸ್ ತುರಿದರೆ, ಇನ್ನೊಂದು ಹಾಕಮ್ಮ ಎನ್ನುವವನು ಅವನೇ. ನಾನು ಅಂಗೈ ಮುಂದೊಡ್ಡುತ್ತೇನೆ. ಅವನು ತಟ್ಟಿದ ಮೇಲೆಯೇ ರೊಟ್ಟಿ.