ಕಿಟಕಿಗೆ ಕಟ್ಟಿದ ರೇಷ್ಮೆ, ಅದರ ಲೆಕ್ಕ

ಶಿಡ್ಲಘಟ್ಟದ ನಮ್ಮ ಮನೆಯ ಕಿಟಕಿ ಸರಳಿಗೆ ಮೊಮ್ಮಗಳು ರೇಷ್ಮೆ ಎಳೆಗಳನ್ನು ಹೊಸೆದು ಕಟ್ಟಿ, ತುದಿಗೆ ತಕ್ಕಡಿಯ ಬಟ್ಟು ತೂಗಿಬಿಟ್ಟಿದ್ದಳು. ಚಿಕ್ಕಬಳ್ಳಾಪುರದ ಕಡೆಯ ಕಾಲೇಜಿನಲ್ಲಿ ಅವಳು ಗಣಿತದಲ್ಲಿ ಪಿಎಚ್‌ಡಿ ಮಾಡುತ್ತಾಳೆ. ಭಾರಕ್ಕೆ ನೂಲು ಎಷ್ಟೆಷ್ಟು ಹಿಗ್ಗುತ್ತದೆ ಎಂದು ಗೋಡೆಯ ಮೇಲೆ ಪೆನ್ಸಿಲ್ ಗೆರೆ ಹಾಕುತ್ತಿದ್ದಳು. ಕಂಪ್ಯೂಟರಿನ ಲೆಕ್ಕದಲ್ಲೂ ಅಷ್ಟೇ ಬರಬೇಕು, ಬರುತ್ತಿರಲಿಲ್ಲ. ಸೋಮವಾರದೊಳಗೆ ಎರಡೂ ಹೊಂದದಿದ್ದರೆ ಆ ಅಧ್ಯಾಯವನ್ನೇ ಕಿತ್ತುಹಾಕು ಎಂದಿದ್ದರಂತೆ ಅವಳ ಗೈಡ್ ಮೇಡಂ.

“ಏನು ಲೆಕ್ಕವೇ ಅದು?” ಎಂದು ಕೇಳಿದ್ದೆ.

“ಬದಲಾವಣೆ ಲೆಕ್ಕ ಅಜ್ಜಿ. ಬೇರೆಯವ್ರು ಒಂದು ಸಲ, ಇಲ್ಲಾ ಎರಡು ಸಲ ಡಿಫರೆನ್ಷಿಯೇಟ್ ಮಾಡ್ತಾರೆ. ನಾನು ಅರ್ಧ ಸಲ ಮಾಡ್ತೀನಿ.”

“ಅರ್ಧ ಸಲ ಮಾಡೋದು ಹೆಂಗೇ? ಅರ್ಧ ಸಲ ಸ್ನಾನ ಮಾಡಕ್ಕಾಗ್ತದಾ?”

“ಆಗಲ್ಲ. ಇದಾಗ್ತದೆ.”

ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಮುಂದಿನ ಕ್ಲಾಸುಗಳಲ್ಲಿ ಹೇಳಿಕೊಡುತ್ತಾರೇನೋ ಎಂದುಕೊಂಡೆ.

ಶನಿವಾರ ಉಪ್ಪಿನಕಾಯಿಗೆ ಮಾವಿನಕಾಯಿ ತೂಗಬೇಕಿತ್ತು. ಮನೆಯಲ್ಲಿದ್ದದ್ದು ಅದೊಂದೇ ಬಟ್ಟು. ಬಿಚ್ಚಿದೆ, ತೂಗಿದೆ, ಕಾಯಿ ಹೆಚ್ಚಿ ಉಪ್ಪು ಬೆರೆಸಿ, ಆಮೇಲೆ ಮತ್ತೆ ಅಲ್ಲೇ ಕಟ್ಟಿದೆ. ಸಂಜೆ ಬಂದವಳು ಕಿರುಚಿಕೊಂಡಳು. ನೂಲಿನ ತುದಿ ಬೆಳಗಿನ ಗೆರೆಗಿಂತ ಮೇಲೆ ನಿಂತಿತ್ತು.

“ಅದೇ ನೂಲು, ಅದೇ ಬಟ್ಟು, ಅದೇ ಕಿಟಕಿ. ನಾನೇನು ಕತ್ತರಿಸಿದ್ನಾ?”

“ನೂಲಿಗೆ ಹಿಂದಿಂದೆಲ್ಲ ನೆನಪಿರ್ತದೆ ಕಣಜ್ಜಿ, ಭಾರ ತೆಗೆದಾಗ ಕುಗ್ಗಿದ್ದೂ! ಈ ಲೆಕ್ಕ ಇರೋದೇ ಅದಕ್ಕೆ. ಒಂದೊಂದು ಹೆಜ್ಜೆಗೂ ಮೊದಲಿಂದ ಆಗಿದ್ದೆಲ್ಲ ಮತ್ತೆ ಕೂಡಿಸ್ಬೇಕು.”

ಅಷ್ಟು ಹೇಳಿದವಳೇ ತನ್ನ ತಪ್ಪು ಹೊಳೆದು ಕಂಪ್ಯೂಟರ್ ತೆರೆದಳು. ಎಲ್ಲ ಕೂಡಿಸಿದರೆ ಕಂಪ್ಯೂಟರ್ ತುಂಬ ನಿಧಾನವೆಂದು ಅವಳು ಹಳೆಯದನ್ನು ಬಿಟ್ಟು ಈಚಿನದನ್ನಷ್ಟೇ ಕೂಡಿಸುತ್ತಿದ್ದಳಂತೆ.

“ಅಜ್ಜಿ, ಬಟ್ಟು ಯಾವಾಗ ಬಿಚ್ಚಿದೆ? ಯಾವಾಗ ಕಟ್ಟಿದೆ?”

“ಹಾಲಿನವನು ಬಂದಾಗ ಬಿಚ್ಚಿದೆ. ಮಧ್ಯಾಹ್ನ ಧಾರಾವಾಹಿ ಶುರುವಾದಾಗ ಕಟ್ಟಿದೆ.”

ಅದನ್ನೂ ಬರೆದುಕೊಂಡಳು! ನನ್ನ ಉಪ್ಪಿನಕಾಯಿಯ ಹೊತ್ತನ್ನೂ ಲೆಕ್ಕಕ್ಕೆ ಹಾಕಿ, ಬಿಟ್ಟಿದ್ದ ಹಳೆಯದನ್ನೆಲ್ಲ ಸೇರಿಸಿ, ಮೊದಲಿನಿಂದ ಕೂಡಿಸಲು ಕಂಪ್ಯೂಟರಿಗೆ ಬಿಟ್ಟಳು. ಭಾನುವಾರ ಮಧ್ಯಾಹ್ನದವರೆಗೂ ಆ ಯಂತ್ರ ಬಿಸಿಯಾಗಿ ಗುಂಯ್‌ಗುಟ್ಟುತ್ತಲೇ ಇತ್ತು. ಕೊನೆಗೆ ಪರದೆಯ ಮೇಲಿನ ಗೆರೆ ಕೆಳಗಿಳಿದು, ನಾನು ಬಟ್ಟು ಬಿಚ್ಚಿದ ಕಡೆ ಮೇಲೆದ್ದು, ಮತ್ತೆ ಇಳಿಯಿತು. ಗೋಡೆಯ ಮೇಲಿದ್ದದ್ದೂ ಹೆಚ್ಚುಕಡಿಮೆ ಅದೇ.

“ಹಂಗಾದ್ರೆ ನಾನು ಮಾಡಿದ್ದು ಒಳ್ಳೇದಾಯ್ತಾ, ಕೆಟ್ಟದ್ದಾಯ್ತಾ?”

“ನಂಗೂ ಗೊತ್ತಿಲ್ಲ ಬಿಡಜ್ಜಿ.”

ಅಧ್ಯಾಯ ಉಳಿಯಿತು. ಈಗ ಹೊಸ ನೂಲು ಕಟ್ಟಿ, ಲೆಕ್ಕ ಆಗಲೂ ಹೊಂದುತ್ತದೋ ನೋಡಲು ನಡುನಡುವೆ ಬೇಕೆಂದೇ ಬಟ್ಟು ಬಿಚ್ಚಬೇಕೆಂದು ಮೇಡಂ ಹೇಳಿದ್ದಾರಂತೆ. ಕಾಲೇಜಿನಿಂದ ಫೋನ್ ಬರುತ್ತದೆ: “ಅಜ್ಜಿ, ಬಿಚ್ಚು.” ಬಿಚ್ಚುತ್ತೇನೆ. ಮೊದಲು ಬೈದದ್ದಕ್ಕೂ ಈಗ ಬೇಡುವುದಕ್ಕೂ ಕಾರಣ ಒಂದೇ, ನೂಲಿನ ನೆನಪು, ಅನ್ನುತ್ತಾಳೆ. ಅದು ಹೇಗೋ ನನಗೆ ತಿಳಿಯದು. ಉಪ್ಪಿನಕಾಯಿಗೆ ಬೇರೆ ಬಟ್ಟು ತರಿಸಿದ್ದೇನೆ.