ಭಾಲ್ಕಿಯ ಬಿಳಿ ವಿಭೂತಿ ಡಬ್ಬಿಯ ಪರೀಕ್ಷೆ

ಮಾನ್ಯ ಓದುಗ ಮಹಾಶಯರ ಸನ್ನಿಧಿಗೆ,

ನಾನು ಓದಿದ್ದು ಉರ್ದು ಶಾಲೆಯಲ್ಲಿ. ಕನ್ನಡವನ್ನು ಮನೆಯಲ್ಲಿ ವಚನದ ಹಾಳೆಗಳನ್ನು ನೋಡಿ ಕಲಿತೆ. ಆದಕಾರಣ ಒತ್ತಕ್ಷರ, ದೀರ್ಘಗಳ ತಪ್ಪುಗಳಿಗೂ ಕೆಳಕ್ಕೆ ಜಾರುವ ನನ್ನ ಸಾಲುಗಳಿಗೂ ಮೊದಲೇ ಕ್ಷಮೆ ಬೇಡುತ್ತೇನೆ. ಅರ್ಜಿ, ವರದಿಗಳ ಹೊರತು ಬೇರೇನನ್ನೂ ಬರೆದವನಲ್ಲ. ಅದೇ ಕ್ರಮದಲ್ಲಿ ನಿವೇದಿಸಿಕೊಳ್ಳುತ್ತೇನೆ.

ವಿಷಯ: ಒಂದು ಡಬ್ಬಿಯ ವಸ್ತುವಿನ ಪರೀಕ್ಷೆ ಹಾಗೂ ಅದರಲ್ಲಿ ನನ್ನಿಂದಾದ ಪ್ರಮಾದ.

ಔರಾದ ತಾಲ್ಲೂಕಿನ ಎಕಂಬಾದವನಾದ ನಾನು ಬೀದರದ ಒಂದು ಹೈಸ್ಕೂಲಿನ ಪ್ರಯೋಗಶಾಲೆಯಲ್ಲಿ ಸಹಾಯಕನಾಗಿದ್ದೆ. ಪೇಟೆಗೆ ಬರುತ್ತಿದ್ದ ಹೊಸ ಕೃತಕ ವಸ್ತುಗಳನ್ನು ಗುರುತಿಸುವ ಉಪಾಯವನ್ನು ವಿಜ್ಞಾನದ ಮಾಸ್ತರರು ಹೇಳಿಕೊಟ್ಟಿದ್ದರು. ಕೆಂಪಗೆ ಕಾಯಿಸಿದ ಸೂಜಿ ಚುಚ್ಚಿ ಮೂಸಬೇಕು. ಕರ್ಪೂರದ ವಾಸನೆ ಬಂದರೆ ಸೆಲ್ಯುಲಾಯ್ಡ್, ಕಾರ್ಬಾಲಿಕ್ ಸಾಬೂನಿನ ವಾಸನೆ ಬಂದರೆ ಬೇಕಲೈಟ್, ಕೂದಲು ಸುಟ್ಟಂತೆ ಬಂದರೆ ಕೊಂಬು ಇಲ್ಲವೇ ಎಲುಬು. ಈ ಉಪಾಯದಲ್ಲಿ ನನ್ನ ಜ್ಞಾನ ಅಷ್ಟೇ ಇತ್ತು.

ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಕಾರ್ಯಾಚರಣೆಯ ಮರುವರ್ಷ ಭಾಲ್ಕಿಯ ಮುಸಲ್ಮಾನ ವ್ಯಾಪಾರಿಯೊಬ್ಬರು ಮುಂಬೈಯಿಂದ ದಂತದಂತೆ ಹೊಳೆಯುವ ಪುಟ್ಟ ಡಬ್ಬಿಗಳನ್ನು ತರಿಸಿದರು. ಒಡೆದ ಹಾಲಿನ ಗಟ್ಟಿ ಅಂಶದಿಂದ ಮಾಡಿದ್ದು ಎಂದು ಹೇಳಿ ಮಾರಿದ್ದರಿಂದ ಶರಣರ ಮನೆಗಳಲ್ಲಿ ವಿಭೂತಿ ಇಡಲು ಕೊಂಡರು. ಸಾಯಗಾಂವದ ಒಂದು ಮನೆಯಲ್ಲಿ ಡಬ್ಬಿ ಒಲೆಯ ಕೆಂಡಕ್ಕೆ ಬಿದ್ದು ಕೂದಲು ಸುಟ್ಟ ವಾಸನೆ ಎದ್ದಿತು. ದೇವರ ಜಗುಲಿಯ ಮೇಲೆ ಎಲುಬು ಇಡಿಸಿದನೆಂದು ಜನ ಅಂಗಡಿಯ ಮುಂದೆ ಸೇರಿದರು. ಆ ದಿನಗಳಲ್ಲಿ ಅಂತಹ ಮಾತಿಗೆ ಅಂಗಡಿಯಷ್ಟೇ ಹೋಗುತ್ತಿರಲಿಲ್ಲ, ಜೀವವೂ ಹೋಗುವ ಸಂಭವವಿತ್ತು. ಠಾಣೆಯ ಅಮೀನ ಸಾಹೇಬರು ವ್ಯಾಪಾರಿಯನ್ನೂ, ಸಾಯಗಾಂವದ ಒಬ್ಬ ಹಿರಿಯರನ್ನೂ, ಅವರ ಅಳಿಯನನ್ನೂ, ಒಂದು ಡಬ್ಬಿಯನ್ನೂ ಜವಾನನ ಸಂಗಡ ನಮ್ಮ ಶಾಲೆಗೆ ಕಳುಹಿಸಿದರು. ಮಾಸ್ತರರು ರಜೆಯ ಮೇಲಿದ್ದರು. ಪರೀಕ್ಷೆ ನನ್ನ ಪಾಲಿಗೆ ಬಂತು.

ಸೂಜಿ ಚುಚ್ಚಿದೆ. ಕೂದಲು ಸುಟ್ಟ ವಾಸನೆ.

“ಕೊಂಬು, ಇಲ್ಲಾ ಎಲುಬು” ಎಂದುಬಿಟ್ಟೆ.

ವ್ಯಾಪಾರಿ ನನ್ನ ಕೈ ಹಿಡಿದುಕೊಂಡರು. “ಬೇಟಾ, ಹಾಲಿಂದು ಅಂತ ಮುಂಬೈ ಸೇಟ ಹೇಳ್ಯಾನ. ಖುದಾ ಕಸಂ.”

“ಹಾಲಿಗೆ ಕೂದಲ ಯಾವಾಗ ಬಂದಾವ್ರಿ ಸಾಹೇಬ್ರ?” ಎಂದರು ಹಿರಿಯರು. ಅಷ್ಟು ಕೇಳಿದ್ದೇ ಅಳಿಯ ಬಸ್ಸು ನಿಲ್ಲುವ ಮೋಟಾರ ಅಡ್ಡೆಯ ಕಡೆ ಓಡಿದ. ನನ್ನ ಮಾತು ಭಾಲ್ಕಿಗೆ ಹೊರಟಿತ್ತು.

ಆಗ ನನಗೆ ಹೊಳೆಯಿತು: ಉಕ್ಕಿ ಒಲೆಗೆ ಬಿದ್ದ ಹಾಲು ಹೊತ್ತಿದಾಗಲೂ ಹೆಚ್ಚುಕಡಿಮೆ ಇದೇ ವಾಸನೆ. ಹಾಲಿನ ಗಟ್ಟಿ ಅಂಶಕ್ಕೂ ಕೊಂಬಿಗೂ ಸೂಜಿಯೊಂದರಿಂದಲೇ ಭೇದ ತಿಳಿಯದು.

“ಮುತ್ಯಾ, ನಾ ಅವಸರ ಮಾಡ್ದೆ. ಇನ್ನೊಮ್ಮೆ ನೋಡ್ಬೇಕ್ರಿ.”

“ಈಗ ಎಲುಬಂದಿ, ಈಗ ಮಾತ ಹೊಳ್ಳಸ್ತಿ. ಯಾರ ಅಂಜಿಸ್ಯಾರ ನಿನಗ, ತಮ್ಮಾ?”

“ನನ್ನ ನಂಬಬ್ಯಾಡ್ರಿ. ನೀವೇ ಮಾಡ್ರಿ.”

ಕೂದಲು, ಉಣ್ಣೆಗಳನ್ನು ಕಾಸ್ಟಿಕ್ ಸೋಡಾದಲ್ಲಿ ಕುದಿಸಿ ಸೀಸದ ಲವಣ ಹಾಕಿದರೆ ಕಪ್ಪಾಗುವುದನ್ನು ಮಾಸ್ತರರು ತರಗತಿಗೆ ತೋರಿಸಿದ್ದರು. ಅವುಗಳಂತೆ ಕೊಂಬಿನಲ್ಲಿಯೂ ಹೀಗೆ ಕಪ್ಪು ಮಾಡುವ ಗಂಧಕ ಬಹಳ. ಹಾಲಿನ ಗಟ್ಟಿ ಅಂಶದಲ್ಲಿ ಅತ್ಯಲ್ಪ. ಹೆಡ್ ಮಾಸ್ತರರ ಮನೆಯಿಂದ ಹಾಲು ತರಿಸಿ, ನಿಂಬೆಹುಳಿಯಿಂದ ಒಡೆಸಿ, ಹಿಂಡಿ ಒಣಗಿಸಿದೆ. ಜವಾನ ತನ್ನ ಕೊಂಬಿನ ಬಾಚಣಿಗೆಯ ಒಂದು ಹಲ್ಲು ಮುರಿದುಕೊಟ್ಟ. ನಾನು ಗೋಡೆಗೆ ಮುಖ ಮಾಡಿ ನಿಂತೆ. ಹಿರಿಯರು ಮೂರು ವಸ್ತುಗಳ ತುಣುಕುಗಳನ್ನು ಮೂರು ಗಾಜಿನ ನಳಿಗೆಗಳಲ್ಲಿ ಹಾಕಿ, ಯಾವುದರಲ್ಲಿ ಯಾವುದೆಂದು ತಮ್ಮ ಮನಸ್ಸಿನಲ್ಲಿಯೇ ಇಟ್ಟುಕೊಂಡರು.

ಹಿರಿಯರೇ ಮೂರಕ್ಕೂ ಸೋಡಾ ಹಾಕಿ ಕುದಿಸಿ, ನಾನು ಹೇಳಿದಂತೆ ಸೀಸದ ಲವಣ ಬಿಟ್ಟರು. ವ್ಯಾಪಾರಿಯ ತುಟಿಗಳು ಪ್ರಾರ್ಥನೆಯಲ್ಲಿ ಅಲುಗುತ್ತಿದ್ದವು. ಒಂದು ನಳಿಗೆ ಮಸಿಯಂತೆ ಕಪ್ಪಾಯಿತು. ಉಳಿದೆರಡು ತೆಳು ಕಂದು ಬಣ್ಣಕ್ಕೆ ಬಂದು ನಿಂತವು.

“ಕರೀದು ಬಾಚಣಿಗಿ” ಎಂದರು ಹಿರಿಯರು ನಳಿಗೆಗಳನ್ನು ಬೆಳಕಿಗೆ ಹಿಡಿದು. “ಡಬ್ಬಿ ಮತ್ತ ಹಾಲು ಒಂದೇ ಥರ ಅದಾವ. ಎಲುಬಿಂದು ಹ್ಯಾಂಗ?”

ಎಲುಬು ಸುಟ್ಟರೆ ತನ್ನ ಆಕಾರದಲ್ಲಿಯೇ ಬೆಳ್ಳಗೆ ಉಳಿಯುತ್ತದೆ. ಡಬ್ಬಿಯ ಚೂರನ್ನು ತಗಡಿನ ಮೇಲೆ ಸುಟ್ಟೆ. ಅದು ಕಪ್ಪಗೆ ಉಬ್ಬಿತು, ಉರಿಯಿತು, ಕೊನೆಗೆ ಊದಿದರೆ ಹಾರುವಷ್ಟು ಬೂದಿ ಉಳಿಯಿತು. ಹಿರಿಯರು ಊದಿ ನೋಡಿದರು.

“ನಡೀರಿ, ಹುಡುಗ ಭಾಲ್ಕಿ ಮುಟ್ಟಿದ್ರ ಊರು ಉಳಿಯೂದಿಲ್ಲ” ಎಂದು ಅಳಿಯನ ನೆನಪಾಗಿ ಎದ್ದರು.

ಮುಂದಿನ ಮೋಟಾರಿನಲ್ಲಿ ನಾಲ್ವರೂ ಭಾಲ್ಕಿಗೆ ಹೋದೆವು. ಅಂಗಡಿಯ ಎರಡು ಹಲಗೆಗಳು ಆಗಲೇ ಒಡೆದಿದ್ದವು. ಒಳಗಿನ ಬಳೆ, ಗುಂಡಿಗಳು ರಸ್ತೆಯಲ್ಲಿ ಬಿದ್ದಿದ್ದವು. ನಾನು ಹೆದರಿ ಮೋಟಾರಿನ ಹತ್ತಿರವೇ ನಿಂತೆ. ಹಿರಿಯರು ಜನರ ನಡುವೆ ಹೋಗಿ, ತಮ್ಮ ವಿಭೂತಿಯನ್ನು ಅದೇ ಸೂಜಿ ಚುಚ್ಚಿದ ಡಬ್ಬಿಗೆ ಸುರಿದು, ಅದರಿಂದಲೇ ಮೂರು ಬೆರಳು ಅದ್ದಿ ಹಣೆಗೆ ಬಳಿದುಕೊಂಡರು. “ಹಾಲಿಂದ ಅದ. ನಾನೇ ಕುದಿಸಿ ನೋಡೀನಿ” ಎಂದರು. ಜನ ಕೂಡಲೇ ಚದುರಲಿಲ್ಲ. ಒಬ್ಬೊಬ್ಬರಾಗಿ, ಮುಖ ತಿರುಗಿಸಿ ಹೋದರು.

ವ್ಯಾಪಾರಿ ರಸ್ತೆಯಲ್ಲಿ ಕುಳಿತು ಗುಂಡಿಗಳನ್ನು ಆಯುತ್ತಿದ್ದರು. ನಾನೂ ಕುಳಿತೆ.

“ಚಾಚಾ, ತಪ್ಪಾಯ್ತು.”

“ಎರಡನೇ ಮಾತು ಮೊದಲೇ ಆಡಬೇಕಿತ್ತು, ಬೇಟಾ” ಎಂದರು, ತಲೆ ಎತ್ತದೆ.

ಕತ್ತಲಾಗುವವರೆಗೆ ಅವರೊಡನೆ ಗುಂಡಿಗಳನ್ನು ಆಯ್ದುಕೊಟ್ಟೆ. ಈ ಬರಹದ ಅಕ್ಷರಗಳಲ್ಲಾಗಲಿ, ಪರೀಕ್ಷೆಯ ವಿವರದಲ್ಲಾಗಲಿ ತಪ್ಪು ಕಂಡುಬಂದಲ್ಲಿ, ಅದು ಇನ್ನೊಬ್ಬರ ಕೈಗೆ ಹೋಗುವ ಮುನ್ನ ತಾವು ದಯಮಾಡಿ ತಿದ್ದಬೇಕಾಗಿ ಪ್ರಾರ್ಥನೆ.